ಅಣ್ಣನಿಗೆ ಬಿಸಿಲು, ತಮ್ಮನಿಗೆ ನೆರಳು

ಬೆಳಕು ಮತ್ತು ನೆರಳು ನಾನು ಹೊಟ್ಟೆಪಾಡಿಗೆ ಕಲಿಸುತ್ತಿದ್ದ ವಿಷಯ. ಬಸವನ ಬಾಗೇವಾಡಿಯ ಒಂದು ಹೈಸ್ಕೂಲಿನಲ್ಲಿ ನಾನು ಡ್ರಾಯಿಂಗ್ ಮಾಸ್ತರ. ಮೇಜಿನ ಮೇಲೊಂದು ಮಣ್ಣಿನ ಗಡಿಗೆ ಇಟ್ಟು, ಕಿಟಕಿಯ ಒಂದು ಬಾಗಿಲು ತೆರೆದು, ಬೆಳಕು ಬೀಳುವ ಕಡೆ ಹಾಗೇ ಬಿಡಿ, ಬೀಳದ ಕಡೆ ಪೆನ್ಸಿಲ್ ಹಚ್ಚಿ ಎಂದು ವರ್ಷಗಟ್ಟಲೆ ಹೇಳಿದವನು. ಹೀಗಾಗಿ ನನ್ನ ಕೈಗೆ ಒಂದು ಕ್ಯಾಮೆರಾ ಬಂದಾಗ, ಇನ್ನು ನಾನು ಕಲಿಯುವುದೇನೂ ಉಳಿದಿಲ್ಲ ಎಂದೇ ತಿಳಿದೆ. ಗಡಿಗೆಗೂ ಮನುಷ್ಯನ ತಲೆಗೂ ಆಕಾರದಲ್ಲಿ ಅಂಥ ದೊಡ್ಡ ವ್ಯತ್ಯಾಸವೇನಿದೆ?

ವ್ಯತ್ಯಾಸ ಇದೆ. ಗಡಿಗೆಗೆ ಅಣ್ಣತಮ್ಮಂದಿರು ಇರುವುದಿಲ್ಲ.

ಕ್ಯಾಮೆರಾ ಕೊಟ್ಟವನು ನನ್ನ ಹೆಂಡತಿ ಜೈನಾಬಿಯ ಅಣ್ಣ. ಸೊಲ್ಲಾಪುರದ ಗಿರಣಿಯಲ್ಲಿ ಕೆಲಸಕ್ಕಿದ್ದ ಅವನು ಅದನ್ನು ಹಳೇ ಸಾಮಾನಿನ ಅಂಗಡಿಯಲ್ಲಿ ಕೊಂಡು, ಎರಡು ದಿನ ಹಿಡಿದು ನೋಡಿ ಬೇಸರಪಟ್ಟು ನನಗೆ ತಂದುಕೊಟ್ಟ. ಕರಿಯ ಡಬ್ಬಿ. ಮುಂದೆ ಒಂದು ಗಾಜಿನ ಕಣ್ಣು, ಮೇಲೆ ಉಗುರಿನಷ್ಟು ಕನ್ನಡಿ. ಡಬ್ಬಿಯನ್ನು ಹೊಟ್ಟೆಗೆ ಆನಿಸಿಕೊಂಡು, ತಲೆ ಬಗ್ಗಿಸಿ ಆ ಕನ್ನಡಿಯಲ್ಲಿ ನೋಡಿ ಗುಂಡಿ ಒತ್ತಬೇಕು. ಅದರೊಂದಿಗೆ ಬಂದಿದ್ದ ಕಾಗದದಲ್ಲಿ ಸಾಲುಸಾಲು ಸೂಚನೆಗಳಿದ್ದವು. ನಾನು ಮೊದಲನೆಯದನ್ನು ಮಾತ್ರ ಓದಿದೆ. ಸೂರ್ಯ ನಿಮ್ಮ ಬೆನ್ನ ಹಿಂದೆ ಇರಲಿ. ಇಷ್ಟು ಸಾಕೆನಿಸಿತು.

ನಾನು ಫೋಟೋಗ್ರಾಫರ್ ಆದ ಸುದ್ದಿ ಇಂಗಳೇಶ್ವರಕ್ಕೂ ಹೋಯಿತು. ಅದು ಜೈನಾಬಿಯ ತವರೂರು. ಅಲ್ಲಿ ಅವಳ ಪಕ್ಕದ ಮನೆಯವಳು ಶಂಕ್ರೆವ್ವ. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡ ಜೈನಾಬಿಗೆ ತಲೆ ಬಾಚಿ ಹೆರಳು ಹಾಕಿ ಬೆಳೆಸಿದ್ದು ಶಂಕ್ರೆವ್ವ. ನಮ್ಮ ಮದುವೆಯಲ್ಲಿ ಎಲ್ಲರಿಗಿಂತ ಹೆಚ್ಚು ಅತ್ತಿದ್ದೂ ಅವಳೇ. ಜೈನಾಬಿ ಅವಳನ್ನು ದೊಡ್ಡವ್ವ ಎನ್ನುತ್ತಿದ್ದಳು. ನಾನೂ ಹಾಗೇ ಕರೆಯುತ್ತಿದ್ದೆ.

ಈ ಶಂಕ್ರೆವ್ವನಿಗೆ ಇಬ್ಬರು ಗಂಡುಮಕ್ಕಳು. ದೊಡ್ಡವನು ಗುರುಪಾದಪ್ಪ, ಸಣ್ಣವನು ಶಿವಪುತ್ರ. ಮನೆ ಪಾಲಾಗುವಾಗ ಬಾವಿಯ ನೀರಿನ ಸರದಿಗಾಗಿ ಮಾತಿಗೆ ಮಾತು ಬೆಳೆದು, ಕೊನೆಗೆ ಮಾತೇ ನಿಂತುಹೋಗಿತ್ತು. ಅಂಗಳದ ನಡುವೆ, ಮನೆಯ ಬಾಗಿಲಿನಿಂದ ಬೀದಿಯವರೆಗೆ, ಆಳೆತ್ತರದ ಒಂದು ಗೋಡೆ ಎದ್ದಿತ್ತು. ಮೂಡಣ ಭಾಗ ಅಣ್ಣನದು, ಪಡುವಣ ಭಾಗ ತಮ್ಮನದು. ಶಂಕ್ರೆವ್ವ ಮಾತ್ರ ಯಾವ ಪಾಲಿಗೂ ಸೇರದೆ ಮುಂಜಾನೆ ಒಂದು ಕಡೆ ಚಹಾ ಕುಡಿದು, ಬೀದಿಗೆ ಬಂದು ಗೋಡೆ ಸುತ್ತಿ, ಮಧ್ಯಾಹ್ನ ಇನ್ನೊಂದು ಕಡೆ ಊಟ ಮಾಡುತ್ತಿದ್ದಳು.

ಒಂದು ದಿನ ಅವಳು ಬಸ್ಸು ಹತ್ತಿ ನಮ್ಮ ಮನೆಗೇ ಬಂದಳು. ನೀರು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು ಕೇಳಿದಳು.

"ಏನ್ರಿ ಮಾಸ್ತರ, ನೀವು ಫೋಟೋ ತಗೀತೀರಂತಲ್ಲ?"

"ಹೌದ್ರಿ ದೊಡ್ಡವ್ವಾರ."

"ನನ್ನ ಮಕ್ಕಳು ಇಬ್ಬರೂ ನನ್ನ ಎಡಕ್ಕ ಬಲಕ್ಕ ನಿಂತಿದ್ದು ನೋಡಿ ಭಾಳ ದಿನಾ ಆತು. ಖರೇನ ಅಂತೂ ನಿಂದ್ರಂಗಿಲ್ಲ ಅವರು. ಫೋಟೋದಾಗರ ನಿಂದ್ರಲಿ."

"ಅವರು ಒಪ್ಪತಾರೇನ್ರಿ?"

"ಒಪ್ಪಸೂದು ನನಗ ಬಿಡ್ರಿ. ಮೂರೂ ಮಂದಿ ಮಾರಿ ಚಂದ ಕಾಣೂಹಂಗ ತಗೀರಿ, ಅಷ್ಟ ಸಾಕು."

"ಅದರ ಚಿಂತಿ ನಿಮಗ್ಯಾಕ? ಬೆಳಕು ನೆಳ್ಳು ಎಲ್ಲಾ ನನ್ನ ಕೈಯಾಗ ಐತಿ" ಎಂದು ನಾನು ಕ್ಯಾಮೆರಾದ ಮೇಲೆ ಕೈಯಿಟ್ಟು ಹೇಳಿದೆ.

ಅವಳನ್ನು ಬಸ್ಸಿಗೆ ಹತ್ತಿಸಿ ಬಂದ ಮೇಲೆ ಜೈನಾಬಿ ಮೆಲ್ಲಗೆ ಕೇಳಿದಳು. "ರೀ, ನೀವು ಇನ್ನೂ ಒಂದೂ ಫೋಟೋ ತಗದಿಲ್ಲಲ್ಲ?"

"ತಗೀಬೇಕಂದ್ರ ಎಷ್ಟು ಹೊತ್ತು?" ಎಂದೆ. ಆ ಪ್ರಶ್ನೆಗೆ ಉತ್ತರ ಸಿಗಲು ಮುಂದಿನ ಬೇಸಿಗೆಯವರೆಗೆ ಕಾಯಬೇಕಾಯಿತು.

ಶಂಕ್ರೆವ್ವ ಮಕ್ಕಳನ್ನು ಹೇಗೆ ಒಪ್ಪಿಸಿದಳೋ, ಅಂತೂ ಒಪ್ಪಿಸಿದಳು. ಅಣ್ಣ ತಮ್ಮನ ಅಂಗಳಕ್ಕೆ ಕಾಲಿಡುವುದಿಲ್ಲ, ತಮ್ಮ ಅಣ್ಣನ ಅಂಗಳಕ್ಕೆ ಕಾಲಿಡುವುದಿಲ್ಲ ಎಂಬ ಷರತ್ತು ಮಾತ್ರ ಇತ್ತು. ಉಳಿದದ್ದು ಒಂದೇ ಜಾಗ. ಬೀದಿಯ ಕಡೆ ಗೋಡೆ ಮುಗಿಯುವಲ್ಲಿ, ಅದರ ತುದಿಗೆ ಬೆನ್ನು ಹಚ್ಚಿ ಶಂಕ್ರೆವ್ವ ಕುರ್ಚಿಯಲ್ಲಿ ಕೂರುವುದು. ಮಕ್ಕಳು ತಮ್ಮ ತಮ್ಮ ಅಂಗಳದಲ್ಲೇ ಅವಳ ಅಕ್ಕಪಕ್ಕ ನಿಲ್ಲುವುದು.

ಸುಗ್ಗಿ ಮುಗಿದ ಮೇಲೆ ಒಂದು ರವಿವಾರ ಮೊದಲ ಬಸ್ಸಿಗೆ ನಾನೂ ಜೈನಾಬಿಯೂ ಹೋದೆವು. ಎಳೆಬಿಸಿಲು ಮೂಡಣದಿಂದ ಓರೆಯಾಗಿ ಬಿದ್ದಿತ್ತು. ಗುರುಪಾದಪ್ಪನ ಅಂಗಳವೆಲ್ಲ ಬೆಳಕು. ಗೋಡೆಯ ನೆರಳಿನಲ್ಲಿದ್ದ ಶಿವಪುತ್ರನ ಅಂಗಳ ಕತ್ತಲು. ಒಂದು ಕಡೆ ಬೆಳಕು, ಒಂದು ಕಡೆ ನೆರಳು, ಥೇಟ್ ನನ್ನ ತರಗತಿಯ ಗಡಿಗೆ. ನನಗೆ ಬಹಳ ಸಂತೋಷವಾಯಿತು.

ಇಬ್ಬರೂ ಒಗೆದ ದೋತರ, ಬಿಳಿ ಅಂಗಿ, ದೊಡ್ಡ ಬಿಳಿ ರುಮಾಲು ಸುತ್ತಿಕೊಂಡು ಬಂದರು. ಒಬ್ಬ ಗುಡಿಯ ಕಡೆ ಮುಖ ಮಾಡಿ ನಿಂತ, ಇನ್ನೊಬ್ಬ ಹೊಲದ ಕಡೆ. ಶಂಕ್ರೆವ್ವ ಹೊಸ ಇಳಕಲ್ ಸೀರೆಯ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ನಡುವೆ ಕೂತಳು. ನಾನು ಸೂರ್ಯ ಸರಿಯಾಗಿ ಬೆನ್ನಿಗೆ ಬರುವವರೆಗೆ ಸರಿದು ನಿಂತೆ.

"ಗುರುಪಾದಪ್ಪಾರ, ಕಣ್ಣು ತಗೀರಿ."

"ತಗದ್ರ ನೀರು ಬರತಾವ್ರಿ. ಬಿಸಲು ನೆಟ್ಟಗ ಹೊಡ್ಯಾಕತ್ತೈತಿ."

"ಸ್ವಲ್ಪ ತಡಕೋರಿ. ಒಂದ ಗಳಿಗಿ."

ಅವನು ತಡೆದುಕೊಂಡ. ನಾನು ಗುಂಡಿ ಒತ್ತಿದೆ. ರೋಲು ಮುಗಿಯುವವರೆಗೂ ಅವನು ತಡೆದುಕೊಳ್ಳುತ್ತಲೇ ಇದ್ದ, ನಾನು ಒತ್ತುತ್ತಲೇ ಇದ್ದೆ.

ರೋಲು ವಿಜಾಪುರದ ಒಂದು ಸ್ಟುಡಿಯೋಕ್ಕೆ ಹೋಗಿ ತೊಳೆಸಿಕೊಂಡು ಬಂತು. ಲಕೋಟೆ ಬಿಚ್ಚಿ ನೋಡಿದೆ. ನೋಡಿ ಮತ್ತೆ ಲಕೋಟೆಯೊಳಗೆ ಹಾಕಿದೆ. ಆಮೇಲೆ ಧೈರ್ಯ ತಂದುಕೊಂಡು ಇನ್ನೊಮ್ಮೆ ತೆಗೆದೆ.

ಗುರುಪಾದಪ್ಪನ ರುಮಾಲು ಬಿಳಿ, ಅಂಗಿ ಬಿಳಿ, ಹಿಂದೆ ಸುಣ್ಣ ಹೊಡೆದ ಗೋಡೆ ಬಿಳಿ, ಇವುಗಳ ನಡುವೆ ಮುಖವೂ ಬಿಳಿ. ಅವನ ನರೆತ ಮೀಸೆ, ಸುತ್ತಲಿನ ಹಳ್ಳಿಗಳಲ್ಲೆಲ್ಲ ಹೆಸರಾದ ಮೀಸೆ, ಎಲ್ಲಿಯೂ ಇರಲಿಲ್ಲ. ಒಂದು ಜೊತೆ ಹುಬ್ಬು ಮಾತ್ರ ಗಾಳಿಯಲ್ಲಿ ನಿಂತಿತ್ತು. ಇತ್ತ ಶಿವಪುತ್ರ ಪೂರ್ತಿ ಕಪ್ಪು. ಕತ್ತಲೆಯಲ್ಲಿ ಒಂದು ರುಮಾಲು ತೇಲುತ್ತಿತ್ತು, ಅದರ ಕೆಳಗೆ ಅವನು ಇರಬಹುದೆಂದು ಊಹಿಸಬೇಕಿತ್ತು. ನಡುವೆ ಶಂಕ್ರೆವ್ವ. ಅವಳ ಮಡಿಲಿನಲ್ಲಿ ಟೊಪ್ಪಿಗೆ ಹಾಕಿದ ಕರಿಯ ತಲೆಯೊಂದು ಆರಾಮಾಗಿ ಕೂತಿತ್ತು.

ಶಂಕ್ರೆವ್ವ ಫೋಟೋವನ್ನು ಕೈ ಚಾಚಿ ದೂರ ಹಿಡಿದು ನೋಡಿದಳು.

"ಮಾಸ್ತರ, ನನ್ನ ಉಡ್ಯಾಗ ಕುಂತಾಂವ ಯಾರ್ರಿ?"

"ಅದು... ನಾನ್ರಿ. ಬಿಸಲು ಬೆನ್ನಿಗಿತ್ತು. ನನ್ನ ನೆಳ್ಳು ಬಿದ್ದೈತಿ."

"ನನ್ನ ಮಕ್ಕಳು ಕಾಣವಲ್ಲರು. ನೀವು ಚಂದ ಬಂದೀರಿ" ಎಂದಳು. ಅವಳು ವ್ಯಂಗ್ಯವಾಡುವ ಹೆಂಗಸಲ್ಲ. ಕಂಡದ್ದನ್ನು ಹೇಳಿದಳು.

ಮಕ್ಕಳು ಹಾಗೆ ಸುಮ್ಮನಾಗಲಿಲ್ಲ. ಗುರುಪಾದಪ್ಪ ತನ್ನ ಅಂಗಳದಲ್ಲಿ ನಿಂತು ಗೋಡೆಗೆ ಕೇಳುವಂತೆ ಹೇಳಿದ. "ನನ್ನ ಮೀಸಿ ಎಲ್ಲೈತ್ರಿ? ಆ ಕಡಿಯವರು ಹೇಳಿ ತಗಿಸ್ಯಾರೇನು?"

ಗೋಡೆಯಾಚೆಯಿಂದ ಶಿವಪುತ್ರನೂ ನನಗೇ ಹೇಳಿದ. "ಪಾಲಿನಾಗೂ ಅವರಿಗಿ ಬೆಳಕಿನ ಮನಿ, ನಮಗ ಕತ್ತಲ ಮನಿ. ಫೋಟೋದಾಗೂ ಹಂಗ ಮಾಡಿದ್ರಿ ನೀವು. ಚಹಾ ಎಲ್ಲಿ ಕುಡದಿದ್ರಿ ಆವತ್ತು, ಅದನ್ನ ಹೇಳ್ರಿ."

ಚಹಾ ಕುಡಿದಿದ್ದು ಗುರುಪಾದಪ್ಪನ ಮನೆಯಲ್ಲಿ.

ಆ ವಾರವೇ ಶಿವಪುತ್ರ ಗೋಡೆಯ ಮೇಲೆ ಇನ್ನೊಂದು ಸಾಲು ಕಲ್ಲು ಇಡಿಸಿದ. ಅದನ್ನು ಕಂಡು ಗುರುಪಾದಪ್ಪ ಅದರ ಮೇಲೆ ಮತ್ತೊಂದು ಸಾಲು ಇಡಿಸಿದ. ನಾನು ತೆಗೆದ ಮೊದಲ ಫೋಟೋದಿಂದ ಊರಿಗಾದ ಪ್ರಯೋಜನ ಇಷ್ಟು.

"ದೊಡ್ಡವ್ವ ಒಂದು ಫೋಟೋ ಕೇಳಿದ್ಲು" ಎಂದಳು ಜೈನಾಬಿ. "ನೀವು ಗ್ವಾಡಿ ಎತ್ತರಸಿ ಬಂದ್ರಿ."

ಆಮೇಲೆ ಬಹಳ ದಿನ ಪಲ್ಯಕ್ಕೆ ಉಪ್ಪು ಕಡಿಮೆಯಾದರೂ ಕೇಳುವ ಧೈರ್ಯ ನನಗಿರಲಿಲ್ಲ. ಮನೆಯ ಮಾನ ಹೋಗಿದ್ದು ನನ್ನಿಂದ. ಅದನ್ನು ತಿರುಗಿ ತರುವುದೂ ನನ್ನ ಜವಾಬ್ದಾರಿ. ನಾನು ಕೂತು ಶಾಸ್ತ್ರೋಕ್ತವಾಗಿ ಯೋಚಿಸಿದೆ. ಮುಂಜಾನೆಯ ಸೂರ್ಯ ಅಣ್ಣನ ಪಕ್ಷ. ಸಂಜೆಯ ಸೂರ್ಯ ತಮ್ಮನ ಪಕ್ಷ. ಯಾರ ಪಕ್ಷಕ್ಕೂ ಸೇರದ ಸೂರ್ಯ ಯಾವುದು? ನಡುಮಧ್ಯಾಹ್ನದ್ದು. ಅದೂ ಬೇಸಿಗೆಯಲ್ಲಿ, ನೆತ್ತಿಯ ಮೇಲೆ ನಿಂತಾಗ, ಗೋಡೆಗೆ ನೆರಳೇ ಇರುವುದಿಲ್ಲ. ಇಬ್ಬರಿಗೂ ಸಮಪಾಲು. ಕೋರ್ಟಿಗೆ ಹೋದರೂ ಇದಕ್ಕಿಂತ ಒಳ್ಳೆಯ ನ್ಯಾಯ ಸಿಗಲಾರದು. ನನ್ನ ಜಾಣತನಕ್ಕೆ ನಾನೇ ತಲೆದೂಗಿದೆ.

ಬೇಸಿಗೆ ರಜೆ ಬಂತು. ಶಂಕ್ರೆವ್ವನ ಕಾಲು ಹಿಡಿಯುವಷ್ಟು ಬೇಡಿಕೊಂಡು ಇನ್ನೊಂದು ಅವಕಾಶ ಪಡೆದೆ. ಅವಳು ಮತ್ತೆ ಮಕ್ಕಳನ್ನು ಒಪ್ಪಿಸಿದಳು.

ನಮ್ಮ ಕಡೆಯ ಬೇಸಿಗೆಯ ಮಧ್ಯಾಹ್ನದಲ್ಲಿ ನಾಯಿಯೂ ಬೀದಿಗೆ ಬರುವುದಿಲ್ಲ. ನಾವು ಬಂದೆವು. ಶಂಕ್ರೆವ್ವ ಕುರ್ಚಿಯಲ್ಲಿ, ಮಕ್ಕಳು ಅಕ್ಕಪಕ್ಕದಲ್ಲಿ, ಸೊಸೆಯಂದಿರು ಇಬ್ಬರೂ ತಮ್ಮ ತಮ್ಮ ಬಾಗಿಲಲ್ಲಿ. ನಾನು ತಲೆ ಬಗ್ಗಿಸಿ ಡಬ್ಬಿಯ ಕನ್ನಡಿಯಲ್ಲಿ ನೋಡಿದೆ. ಎರಡು ರುಮಾಲು, ಒಂದು ಸೆರಗು, ಅವುಗಳ ಕೆಳಗೆ ಮೂಗಿನ ತನಕ ಕತ್ತಲೆ. ಕಣ್ಣುಗಳಿದ್ದ ಜಾಗದಲ್ಲಿ ಕುಳಿಗಳು. ಸಮಪಾಲು ಹೌದು. ಮೂವರಿಗೂ ಸಮನಾಗಿ ಮುಖವಿರಲಿಲ್ಲ.

"ಅದು... ರುಮಾಲು ಒಂದೀಟು ತಗದ್ರ" ಎಂದೆ.

ಶಂಕ್ರೆವ್ವ ಕುರ್ಚಿಯಿಂದ ಎದ್ದು ನಿಂತಳು. "ಬರಿತಲೀಲೆ ನಿಂದ್ರಾಕ ಇಲ್ಲಿ ಯಾರು ಸತ್ತಾರ್ರಿ ಮಾಸ್ತರ? ನಾ ಇನ್ನೂ ಜೀವಂತ ಅದೀನಿ."

"ತಪ್ಪಾತ್ರಿ ದೊಡ್ಡವ್ವಾರ" ಎಂದು ಅವಳನ್ನು ಕೂರಿಸುವಷ್ಟರಲ್ಲಿ ನನ್ನ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು.

ಮೇಲಿನಿಂದ ಬೀಳುವ ಬೆಳಕು ಮುಖಕ್ಕೆ ಬಾರದಿದ್ದರೆ ಕೆಳಗಿನಿಂದ ಕಳಿಸಬೇಕು. ಅವರ ಕಾಲಮುಂದೆ ಒಂದು ಬಿಳಿ ದೋತರ ಹಾಸಿಸಿದೆ. ಸ್ವಲ್ಪ ಗೆಲುವು ಬಂತು, ಸಾಲದು. ಜೈನಾಬಿಯ ಕೈಗೆ ಒಂದು ಕನ್ನಡಿ ಕೊಟ್ಟು, ಬಿಸಿಲನ್ನು ಶಿವಪುತ್ರನ ಮುಖಕ್ಕೆ ತಿರುಗಿಸಲು ಹೇಳಿದೆ. ತಿರುಗಿಸಿದಳು. ಮುಖ ಹೊಳೆಯಿತು. ಆಗ ಗುರುಪಾದಪ್ಪ ಕೆಮ್ಮಿದ.

"ಆ ಕಡಿಗಿ ಕನ್ನಡಿ. ಈ ಕಡಿಗಿ ಏನ್ರಿ?"

ಇನ್ನೊಂದು ಕನ್ನಡಿ ಇರಲಿಲ್ಲ. ಗುರುಪಾದಪ್ಪನ ಹೆಂಡತಿ ಒಳಗೆ ಹೋಗಿ, ಹುಣಸೆಹಣ್ಣು ಹಚ್ಚಿ ತಿಕ್ಕಿದ ಹಿತ್ತಾಳೆಯ ದೊಡ್ಡ ಪರಾತ, ಹಿಟ್ಟು ನಾದುವ ಅಗಲ ತಟ್ಟೆ, ತಂದಳು. ಅವಳು ಅದನ್ನು ಎತ್ತಿ ಹಿಡಿದ ಕೂಡಲೇ ಬಿಸಿಲಿನ ಒಂದು ತುಂಡು ಹೋಗಿ ಗುರುಪಾದಪ್ಪನ ಕಣ್ಣಿಗೆ ಬಡಿಯಿತು. ಅವನು ಸೀನಿದ. ಬೆಳಕು ಥಟ್ಟನೆ ಕಣ್ಣಿಗೆ ಬಡಿದರೆ ಸೀನು ಬರುವ ಜಾತಿಯ ಮನುಷ್ಯ ಅವನು ಎಂಬುದು ಆಗ ತಿಳಿಯಿತು.

"ನಿಂದ್ರು" ಎಂದಳು ಶಂಕ್ರೆವ್ವ. "ಒಂಟಿ ಸೀನು. ಸ್ವಲ್ಪ ತಡದು ತಗೀರಿ."

ತಡೆದೆವು. ಮತ್ತೆ ಪರಾತ ಎತ್ತಿದಳು. ಮತ್ತೆ ಸೀನಿದ. ಮತ್ತೆ ತಡೆದೆವು. ಒಂದೊಂದು ಶಕುನಕ್ಕೂ ನಮ್ಮ ಮೈಯಿಂದ ಒಂದೊಂದು ಚರಿಗೆ ನೀರು ಇಳಿಯುತ್ತಿತ್ತು. ಪರಾತ ಕಾದು ಹೆಣ್ಣುಮಗಳ ಕೈ ಸುಡತೊಡಗಿತು. ಅವಳು ಅದನ್ನು ದೊಪ್ಪೆಂದು ನೆಲಕ್ಕಿಟ್ಟು ಒಳಗೆ ಹೋದಳು.

ಆಗ ನನ್ನೊಳಗಿನ ಡ್ರಾಯಿಂಗ್ ಮಾಸ್ತರ ಎಚ್ಚರಗೊಂಡ. ಬೆಳಕು ಮಾತು ಕೇಳದಿದ್ದರೆ ಬಿಡಲಿ. ಬಣ್ಣ ನನ್ನ ಮಾತು ಕೇಳುತ್ತದೆ. ಕಪ್ಪಾಗಿ ಬರುವ ಶಿವಪುತ್ರನ ಮುಖವನ್ನು ಬೆಳ್ಳಗೆ ಮಾಡಿ, ಬೆಳ್ಳಗಾಗಿ ಮಾಯವಾಗುವ ಗುರುಪಾದಪ್ಪನ ಮೀಸೆಯನ್ನು ಕಪ್ಪು ಮಾಡಿದರೆ ಮುಗಿಯಿತಲ್ಲ!

"ಶಿವಪುತ್ರಪ್ಪಾರ, ಸ್ವಲ್ಪ ಪೌಡರ್ ಹಚ್ಚೋಣೇನ್ರಿ?"

"ಯಾಕ್ರಿ? ನಾ ಏನು ಬಯಲಾಟದಾಗ ಹೆಣ್ಣಿನ ಪಾರ್ಟು ಮಾಡಾಕ ಬಂದೇನೇನು?"

"ಹಚ್ಚಿಸ್ಕೊ ಶಿವ್ಯಾ" ಎಂದಳು ಶಂಕ್ರೆವ್ವ. ಅವಳ ದನಿ ಬಿಸಿಲಿಗೆ ಸೋತಿತ್ತು. "ನಿನ್ನ ಮಾರಿ ಕಾಣಬೇಕು ನನಗ."

ಅವನು ಕಣ್ಣು ಮುಚ್ಚಿ ಮುಖ ಒಡ್ಡಿದ. ನಾನು ಪೌಡರ್ ಹಚ್ಚಿದೆ. ಆಮೇಲೆ ಜೈನಾಬಿಯ ಕಾಡಿಗೆಯ ಡಬ್ಬಿ ಇಸಿದುಕೊಂಡು ಗೋಡೆಯ ಆಚೆ ಹೋಗಿ, ಗುರುಪಾದಪ್ಪನ ಮೀಸೆಯ ಒಂದೊಂದೇ ಎಳೆಯನ್ನು ತಿದ್ದಿದೆ. ಶಾಲೆಯ ಗೋಡೆಗೆ ತೂಗುಹಾಕುವ ಚಿತ್ರಕ್ಕೂ ನಾನು ಅಷ್ಟು ಶ್ರದ್ಧೆ ವಹಿಸಿದವನಲ್ಲ. ಎರಡು ಹೆಜ್ಜೆ ಹಿಂದೆ ಸರಿದು ನೋಡಿದೆ. ಮೀಸೆ ಭವ್ಯವಾಗಿತ್ತು.

ನಾನು ಮರಳಿ ಡಬ್ಬಿಯ ಹತ್ತಿರ ಬಂದು, ಹೊಟ್ಟೆಗೆ ಆನಿಸಿ, ತಲೆ ಬಗ್ಗಿಸಿ, ಮೂವರನ್ನೂ ಕನ್ನಡಿಯೊಳಗೆ ಸೇರಿಸುವಷ್ಟರಲ್ಲಿ ಬೆವರು ತನ್ನ ಕೆಲಸ ಮಾಡಿತ್ತು. ಆ ಕಾಡಿಗೆ ಹರಳೆಣ್ಣೆಯಲ್ಲಿ ಕಲಸಿದ್ದು. ಬಿಸಿಲಿಗೆ ಕರಗಿ ಮೀಸೆ ತುಟಿಗಿಳಿದು, ತುಟಿಯಿಂದ ಗದ್ದಕ್ಕಿಳಿದು, ಅಲ್ಲಿಂದ ಬಿಳಿ ಅಂಗಿಯ ಮೇಲೆ ತೊಟ್ಟಿಕ್ಕತೊಡಗಿತು. ಇತ್ತ ಪೌಡರಿನ ಮೇಲೆ ಬೆವರಿನ ಹನಿಗಳು ದಾರಿ ಕೊರೆದು, ಶಿವಪುತ್ರನ ಮುಖದಲ್ಲಿ ಪಟ್ಟೆಗಳು ಮೂಡಿದ್ದವು.

ಇಬ್ಬರಿಗೂ ಇದು ಗೊತ್ತಿಲ್ಲ. ಗಂಭೀರವಾಗಿ ನಿಂತಿದ್ದಾರೆ. ಶಂಕ್ರೆವ್ವ ಬೀಸಣಿಕೆ ಬೀಸುತ್ತ ಎಡಕ್ಕೆ ತಿರುಗಿ ಒಬ್ಬನನ್ನು ನೋಡಿದಳು. ಬಲಕ್ಕೆ ತಿರುಗಿ ಇನ್ನೊಬ್ಬನನ್ನು ನೋಡಿದಳು. ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವಳ ಭುಜ ಅಲುಗಾಡುತ್ತಿತ್ತು. ತಾಯಿ ಅಳುತ್ತಿದ್ದಾಳೆಂದು ತಿಳಿದ ಗುರುಪಾದಪ್ಪ ಅವಳ ಮುಖ ನೋಡಲು ಬಗ್ಗಿದ. ಅತ್ತ ಶಿವಪುತ್ರನೂ ಅದಕ್ಕೇ ಬಗ್ಗಿದ್ದ. ತಾಯಿಯ ತಲೆಯ ಮೇಲೆ ಇಬ್ಬರ ಮುಖಗಳೂ ಒಂದಕ್ಕೊಂದು ಎದುರಾದವು.



"ಶಿವ್ಯಾ" ಎಂದ ಗುರುಪಾದಪ್ಪ. "ಏನೋ ಇದು? ಸುಣ್ಣದ ಹೊಂಡದಾಗ ಬಿದ್ದ ಕ್ವಾಣನಂಗ ಆಗೀಯಲ್ಲೊ."

ಶಿವಪುತ್ರ ಅಣ್ಣನನ್ನು ದಿಟ್ಟಿಸಿದ. "ಅಣ್ಣಾ, ನಿನ್ನ ಮೀಸಿ ಗದ್ದಕ್ಕ ಬಂದೈತಿ. ಮೊದಲ ಅದನ್ನ ಒರಸ್ಕೊ."

ಮೊದಲು ಕಿಸಕ್ಕೆಂದದ್ದು ಜೈನಾಬಿ. ಆಮೇಲೆ ಯಾರು ಯಾವಾಗ ನಕ್ಕರೋ ಹೇಳಲಾರೆ. ಗುರುಪಾದಪ್ಪ ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿದ. ಶಿವಪುತ್ರ ಹೆಗಲ ಮೇಲಿನ ಟವೆಲ್ಲು ತೆಗೆದು ಅಣ್ಣನ ಗದ್ದ ಒರೆಸಲು ಹೋಗಿ, ಕಾಡಿಗೆಯನ್ನು ಕಿವಿಯವರೆಗೂ ಹರಡಿದ. ಶಂಕ್ರೆವ್ವ ಇಬ್ಬರ ದೋತರದ ಚುಂಗನ್ನೂ ಎರಡು ಕೈಯಲ್ಲಿ ಹಿಡಿದುಕೊಂಡು ನಗುತ್ತ ಅಳುತ್ತಿದ್ದಳು. ಬೀಸಣಿಕೆ ಕೆಳಗೆ ಬಿದ್ದಿತ್ತು.

ನಾನು ಆಗ ಏನು ಮಾಡುತ್ತಿದ್ದೆ? ತಲೆ ಬಗ್ಗಿಸಿ ಡಬ್ಬಿಯ ಕನ್ನಡಿಯಲ್ಲಿ ನೋಡುತ್ತಿದ್ದೆ. ಅದರಲ್ಲಿ ಮೂರು ತಲೆಗಳು ಒಂದೇ ಸಮನೆ ಅಲುಗಾಡುತ್ತಿದ್ದವು. ನನಗೆ ವಿಪರೀತ ಸಿಟ್ಟು ಬಂತು.

"ಯಾರೂ ನಗಬ್ಯಾಡ್ರಿ" ಎಂದು ಹಿಂದಿನ ಬೆಂಚಿನ ಹುಡುಗರಿಗೆ ಹೇಳುವ ದನಿಯಲ್ಲಿ ಹೇಳಿದೆ. "ಅಲಗಾಡಿದ್ರ ಫೋಟೋ ಕೆಡತೈತಿ."

ಅವರ ನಗು ನಿಲ್ಲುವವರೆಗೆ ಶಿಸ್ತಾಗಿ ಕಾದೆ. ನಿಂತ ಮೇಲೆ ಇಬ್ಬರನ್ನೂ ಬೇರ್ಪಡಿಸಿ ಅವರವರ ಅಂಗಳಕ್ಕೆ ಕಳಿಸಿದೆ. ಮುಖ ಒರೆಸಿಸಿ, ರುಮಾಲು ಸರಿಪಡಿಸಿ, ಕೈ ಕೆಳಗೆ ಇಳಿಬಿಡಿಸಿ, ಎಲ್ಲರೂ ಮೊದಲಿನಂತೆ ಕಂಬಗಳಾದ ಮೇಲೆ ಗುಂಡಿ ಒತ್ತಿದೆ. ಇಡೀ ರೋಲು.

ಬಸ್ಸಿನಲ್ಲಿ ಜೈನಾಬಿ ಕೇಳಿದಳು. "ಅವರು ಮೂರೂ ಮಂದಿ ನಗಾಕತ್ತಾಗ ಯಾಕ ತಗೀಲಿಲ್ಲ?"

"ಅಲಗಾಡಾಕತ್ತಿದ್ರಲ್ಲ."

ಅವಳು ನನ್ನನ್ನು ಒಮ್ಮೆ ನೋಡಿ, ಬಾಗೇವಾಡಿ ಬರುವವರೆಗೆ ಕಿಟಕಿಯಾಚೆ ನೋಡುತ್ತ ಕೂತಳು.

ಪ್ರತಿಗಳು ಬಂದವು. ಮೂರು ಬುರುಡೆಗಳು. ಮೇಲಿನ ಬಿಸಿಲಿಗೆ ಕಣ್ಣಿನ ಜಾಗದಲ್ಲಿ ಕುಳಿ, ಕೆಳಗಿನ ದೋತರದ ಬೆಳಕಿಗೆ ಮೂಗಿನ ಹೊಳ್ಳೆ ಮತ್ತು ಗಲ್ಲ ಮಾತ್ರ ಬೆಳ್ಳಗೆ. ಎಷ್ಟು ಒರೆಸಿದರೂ ಹೋಗದೆ ಒಬ್ಬನ ಮುಖಕ್ಕೆ ಕಿವಿಯ ತನಕ ಮಸಿ, ಇನ್ನೊಬ್ಬನ ಮುಖದ ತುಂಬ ಪಟ್ಟೆ. ಇವುಗಳನ್ನು ಜೇಬಿನಲ್ಲಿಟ್ಟುಕೊಂಡು ನಾನು ಇಂಗಳೇಶ್ವರಕ್ಕೆ ಹೋದೆ. ಗೋಡೆ ಇನ್ನೆಷ್ಟು ಏರುತ್ತದೋ ಎಂಬ ಹೆದರಿಕೆಯಿತ್ತು.

ಗೋಡೆ ಇದ್ದಷ್ಟೇ ಇತ್ತು. ಗುರುಪಾದಪ್ಪನ ಕಟ್ಟೆಯ ಮೇಲೆ ಅಣ್ಣತಮ್ಮಂದಿರಿಬ್ಬರೂ ಕೂತು ಶೇಂಗಾ ಸುಲಿದು ತಿನ್ನುತ್ತಿದ್ದರು. ಫೋಟೋ ಕೊಟ್ಟೆ. ಒಂದೇ ಫೋಟೋದ ಮೇಲೆ ಎರಡು ತಲೆಗಳು ಬಗ್ಗಿದವು.

"ಅಣ್ಣಾ" ಎಂದ ಶಿವಪುತ್ರ, "ಈ ಮಾಸ್ತರಗ ಸಾಲ್ಯಾಗ ಪಗಾರ ಯಾಕ ಕೊಡತಾರ?"

"ನಾನೂ ಅದನ್ನ ವಿಚಾರ ಮಾಡಾಕತ್ತೇನಿ" ಎಂದ ಗುರುಪಾದಪ್ಪ.

ನನ್ನನ್ನು ಬೈಯುವುದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಒಬ್ಬ ಬಿಟ್ಟ ಮಾತನ್ನು ಇನ್ನೊಬ್ಬ ಎತ್ತಿಕೊಂಡು ಮುಂದುವರಿಸುತ್ತಿದ್ದ. ಕೊನೆಗೆ, ವಿಜಾಪುರಕ್ಕೆ ಹೋಗಿ ಸ್ಟುಡಿಯೋದಲ್ಲೇ ಅವ್ವನ ಸಂಗಡ ಫೋಟೋ ತೆಗೆಸುವುದೆಂದು ಇಬ್ಬರೂ ನನ್ನೆದುರಿಗೇ ಠರಾಯಿಸಿದರು.

"ನೀವೂ ಬರ್ರಿ ಮಾಸ್ತರ" ಎಂದ ಗುರುಪಾದಪ್ಪ. "ಡಬ್ಬಿ ಅಷ್ಟು ಮನ್ಯಾಗ ಇಟ್ಟು ಬರ್ರಿ."

ಹೋದೆವು. ಎಲ್ಲರೂ ಒಂದೇ ಬಸ್ಸಿನಲ್ಲಿ. ಸ್ಟುಡಿಯೋದವನು ಮೂವರನ್ನೂ ಒಳಗೆ ಕರೆದು, ಎರಡೂ ಬದಿಗೆ ದೀಪ ಹಚ್ಚಿ, ಚಹಾ ತರಿಸುವಷ್ಟರಲ್ಲಿ ಕೆಲಸ ಮುಗಿಸಿದ. ಗುರುಪಾದಪ್ಪ ಸೀನಲೂ ಇಲ್ಲ. ಆ ಫೋಟೋ ಕಟ್ಟು ಹಾಕಿಸಿಕೊಂಡು ಎರಡೂ ಮನೆಯ ಪಡಸಾಲೆಯಲ್ಲಿ ನೇತಾಡಿತು. ನೋಡಿದವರೆಲ್ಲ ಚಂದ ಬಂದಿದೆ ಎಂದರು. ನಾನೂ ಹೇಳಿದೆ.

ಮುಂದಿನ ವರ್ಷ ಯಾವುದೋ ಕೆಲಸಕ್ಕೆ ಇಂಗಳೇಶ್ವರಕ್ಕೆ ಹೋದಾಗ ಶಂಕ್ರೆವ್ವ ಶಿವಪುತ್ರನ ಅಡುಗೆಮನೆಯಲ್ಲಿ ಒಲೆಯ ಮುಂದೆ ಇದ್ದಳು. ಗೋಡೆಯ ಗೂಡಿನಲ್ಲಿ, ಅವಳ ಕೈಗೆಟಕುವಂತೆ, ನಾನು ತೆಗೆದ ಮಧ್ಯಾಹ್ನದ ಫೋಟೋ ಇತ್ತು. ಮೂಲೆಗಳು ಸವೆದಿದ್ದವು. ಪಡಸಾಲೆಯದು ಬಂದುಹೋಗುವವರಿಗೆ, ಇದು ಅವಳಿಗಾಗಿ.

"ದೊಡ್ಡವ್ವಾರ, ಇದನ್ನ ಇನ್ನೂ ಇಟ್ಕೊಂಡೀರಲ್ರಿ."

"ಇಡದ ಏನ್ ಮಾಡ್ಲಿ? ದಿನಾ ಬೇಕಾಗತೈತಿ."

ನಾನು ಕಣ್ಣೊರೆಸಿಕೊಳ್ಳಲು ಕರವಸ್ತ್ರ ತೆಗೆಯುವಷ್ಟರಲ್ಲಿ ಶಿವಪುತ್ರನ ಕಿರಿಯ ಮಗಳು ಅನ್ನದ ತಾಟನ್ನು ಕಾಲಿನಿಂದ ದೂಡಿ, ಉಣ್ಣುವುದಿಲ್ಲವೆಂದು ಹಟ ಹಿಡಿದಳು. ಶಂಕ್ರೆವ್ವ ಸರಕ್ಕನೆ ಗೂಡಿಗೆ ಕೈ ಹಾಕಿ ಫೋಟೋ ತೆಗೆದು ಮಗುವಿನ ಮುಖದ ಮುಂದೆ ಹಿಡಿದಳು. ಮಗು ಒಮ್ಮೆ ನೋಡಿತು. ಬಾಯಿ ತೆರೆಯಿತು. ತುತ್ತು ಒಳಗೆ ಹೋಯಿತು.

"ಎರಡೂ ಮನಿ ಕೂಸುಗಳಿಗೆ ಇದೊಂದ ಸಾಕಾಗೈತಿ" ಎಂದಳು ಶಂಕ್ರೆವ್ವ ಮೆಚ್ಚುಗೆಯಿಂದ. "ಇನ್ನಷ್ಟು ಪ್ರತಿ ಸಿಗತಾವೇನ್ರಿ ಮಾಸ್ತರ? ಓಣ್ಯಾಗಿನ ಹೆಣ್ಣುಮಕ್ಕಳು ಕೇಳಾಕತ್ತಾರ."

ನಾನು ವಿಜಾಪುರಕ್ಕೆ ಬರೆದು ಪ್ರತಿಗಳನ್ನು ತರಿಸಿ ಕಳಿಸಿಕೊಟ್ಟೆ. ನಾನು ತೆಗೆದ ಫೋಟೋಗಳಲ್ಲಿ ಜನ ತಾವಾಗಿ ಕೇಳಿ ಪಡೆದದ್ದು ಅದೊಂದೇ.